ಯಾರೂ ತೋಡದ್ದು

ಪೆರ್ಲದ ಅಕ್ಷಯ ಕೇಂದ್ರದಲ್ಲಿ
ತಂಗಿಯ ಮಗಳು ವಾರಿಜ ಟಿಕೇಟು ನೋಡುತ್ತಾಳೆ.
ಮೂರು ರೈಲು, ಒಂದು ಬಸ್ಸು, ಆಮೇಲೆ ಜೀಪು.
ಬಸ್ತರದ ಬೆಟ್ಟದಲ್ಲಿ ಗುಹೆ ಉಂಟು ಮಾವಾ,
ಸರಕಾರದ ಕಾಡು, ಚೀಟಿ ಮಾಡಿಯೇ ಒಳಗೆ ಬಿಡುವುದು.

ತೋಡಿದ್ದು ಯಾರು, ಕೇಳಿದೆ.
ಯಾರೂ ಅಲ್ಲವಂತೆ. ನೀರಂತೆ.
ಲಕ್ಷಗಟ್ಟಲೆ ವರ್ಷ, ಕೂಲಿ ಕೇಳದೆ.

ನಗು ಬಂತು ನನಗೆ.
ನೀರಿಗೆಂದು ಗುಡ್ಡ ತೋಡಿದವನು ನಾನು,
ನಲವತ್ತೊಂದು ಸುರಂಗ,
ಅದರಲ್ಲಿ ಆರು ಒಣ.
ಅಲ್ಲಿ ನೀರೇ ಗುಡ್ಡ ತೋಡಿದೆ ಎಂದರೆ
ಅದು ಹುಡುಕಿದ್ದು ಎಂತದನ್ನು?

ಕ್ಯಾಲೆಂಡರಿನ ಹಿಂಬದಿಗೆ ಪಟ್ಟಿ.
ಮಳೆಗಾಲಕ್ಕೆ ಗುಹೆ ಮುಚ್ಚಿರುತ್ತದೆ,
ತುಳಸಿಪೂಜೆ ಕಳೆದು ಹೊರಡುವುದು.
ಆಧಾರ್ ಪ್ರತಿ, ಅವಲಕ್ಕಿ,
ಮಂಡಿಗೆ ಹಚ್ಚುವ ಎಣ್ಣೆ, ಟಾರ್ಚು.
ಮೇಣದಬತ್ತಿ ಬರೆ, ಎಂದೆ.
ಬೆಂಕಿ ಬಿಡುವುದಿಲ್ಲ ಮಾವಾ.
ಬತ್ತಿ ಇಲ್ಲದೆ ಗಾಳಿ ಮುಗಿದದ್ದು ತಿಳಿಯುವುದು ಹೇಗೆ?
ಹದಿನೆಂಟನೇ ಕೋಲಿನಲ್ಲಿ ಬೆಳಕು ಕುಗ್ಗಿದರೆ
ಮಾತಿಲ್ಲದೆ ಹಿಂದೆ ಸರಿಯುತ್ತಿದ್ದೆವು
ನಾನೂ ಮಾಂಕುವೂ.

ತೋಡುವುದು ನಾನು, ಮಣ್ಣು ಎಳೆಯುವುದು ಮಾಂಕು.
ಮೂವತ್ತು ವರ್ಷ ಅವನು ಕಂಡದ್ದು ನನ್ನ ಬೆನ್ನು,
ನಾನು ಕೇಳಿದ್ದು ಅವನ ಕೆಮ್ಮು.
ಅವನೂ ಬರುತ್ತಾನೆ. ಷರತ್ತು ಒಂದೇ:
ಈ ಸಲ ನಾನು ಮುಂದೆ.

ಅಲ್ಲಿಯ ಮೀನಿಗೆ ಕಣ್ಣಿಲ್ಲವಂತೆ.
ಇದ್ದರೂ ದಂಡ, ಎಂದ ಮಾಂಕು,
ಕತ್ತಲೆಯಲ್ಲಿ ಬೇಕಾದ್ದು ಕೈಯಲ್ಲವಾ?

ಆಗ ವಾರಿಜ ನಿಯಮ ಓದಿದಳು.
ಕೂಗಬಾರದು. ಕಲ್ಲು ಹೆಕ್ಕಬಾರದು.
ಗೋಡೆ ಮುಟ್ಟಬಾರದು,
ಕೈಯ ಜಿಡ್ಡು ತಾಗಿದರೆ ಕಲ್ಲು ಬೆಳೆಯುವುದು ನಿಲ್ಲುತ್ತದೆ.

ಕಲ್ಲು ಬೆಳೆಯುತ್ತದಾ?
ಹಾಗಾದರೆ ನಾವು ಮುಟ್ಟಿದ್ದೆಲ್ಲ...
ಮಾಂಕು ಮಾತು ಮುಗಿಸಲಿಲ್ಲ.
ವಾರಿಜ ಪರದೆಯನ್ನು ಮೇಲೆ ಕೆಳಗೆ ಮಾಡಿದಳು.

ಗೋಡೆಯನ್ನು ಅಂಗೈಯಿಂದಲೇ ಓದಿದವನು ನಾನು.
ತಣ್ಣಗಿದ್ದರೆ ಬಲಕ್ಕೆ ತಿರುಗು.
ಜೇಡಿ ಅಂಟಿದರೆ ಇನ್ನು ಎರಡೇ ಕೋಲು.
ಒಣ ಮುರಕಲ್ಲು ಪಿಕ್ಕಾಸಿಗೆ ಟಣ್ಣೆಂದರೆ
ಜಾಗದವರಿಗೆ ಹೇಗೆ ಹೇಳುವುದೆಂದು
ಅಲ್ಲೇ ಕೂತು ಯೋಚಿಸು.
ಅಕ್ಷರ ನನಗೆ ತಡವಾಗಿ ಬಂತು,
ಬಸ್ಸಿನ ಬೋರ್ಡು ಇವತ್ತಿಗೂ ಯಾರನ್ನಾದರೂ ಕೇಳಬೇಕು,
ಗುಡ್ಡದ ಹೊಟ್ಟೆಯೊಳಗೆ ಯಾರನ್ನೂ ಕೇಳಿದವನಲ್ಲ.

ಇವತ್ತು ಬೆಳಿಗ್ಗೆ ಅಭ್ಯಾಸಕ್ಕೆ ಹೋದೆವು
ಬಾಯಾರಿನ ಆ ಹಳೆಯ ಸುರಂಗಕ್ಕೆ.
ಬೋರ್‌ವೆಲ್ ಕೊರೆಸಿದ ಮೇಲೆ ಯಾರೂ ಹೊಗುವುದಿಲ್ಲ,
ಬಾಯಿಗೆ ಜರಿಗಿಡ, ಒಳಗೆ ಬಾವಲಿಯ ವಾಸನೆ.
ಬೈರಾಸಿನಿಂದ ನನ್ನ ಕೈ ಹಿಂದಕ್ಕೆ ಕಟ್ಟಿದ ಮಾಂಕು.
ನಿನ್ನದು?
ನನಗೆ ಬೇಡ, ನಾನು ಮಣ್ಣಿನವನು,
ಗೋಡೆ ಮುಟ್ಟಿ ಅಭ್ಯಾಸವಿಲ್ಲ.

ಅವನು ಮುಂದೆ. ನಾನು ತಲೆ ತಗ್ಗಿಸಿ ಹಿಂದೆ.
ಎಷ್ಟು ಅಗಲ ಅವನ ಬೆನ್ನು! ಗೊತ್ತಿರಲಿಲ್ಲ.
ಏಳು ಕೋಲು ಸಲೀಸು.
ಎಂಟರಲ್ಲಿ ಒಂದು ತಿರುವು,
ಹರೆಯದಲ್ಲಿ ನಾನೇ ತಪ್ಪಿ ತೋಡಿ
ಯಾರಿಗೂ ಹೇಳದೆ ಸರಿ ಮಾಡಿದ್ದು.
ಅಲ್ಲಿ ಭುಜ ತಾಗಿತು ಗೋಡೆಗೆ.
ಒದ್ದೆ.

ಮಾಂಕು, ನಿಲ್ಲು ಎಂದೆ.
ಅವನು ಆಗಲೇ ನಿಂತಿದ್ದ.
ಟಾರ್ಚು ಕಂಕುಳಲ್ಲಿ ಇರುಕಿಕೊಂಡು
ಎರಡೂ ಅಂಗೈ ಗೋಡೆಗೆ ಒತ್ತಿ
ಕಣ್ಣು ಮುಚ್ಚಿದ್ದ.
ಕೆಮ್ಮು ಇರಲಿಲ್ಲ.
ಎಲ್ಲೋ ಒಳಗೆ ಒಂದು ಹನಿ ಬಿತ್ತು,
ಬಹಳ ಹೊತ್ತಿಗೆ ಇನ್ನೊಂದು.

ಸಂಜೆ ವಾರಿಜ ಫೋನು ಮಾಡಿದಳು,
ಟಿಕೇಟು ಒತ್ತಲಾ ಮಾವಾ?
ಒತ್ತು, ಎಂದೆ.
ಪಟ್ಟಿಯಲ್ಲಿ ಮೇಣದಬತ್ತಿ ಹೊಡೆದು ಹಾಕು.
ಬೈರಾಸು ಎರಡು ಅಂತ ಬರೆ.