ಮೂವತ್ತು ಸೆಕೆಂಡಿನ ಅಂಗಡಿ

ಬಮಾಕೊದ ದಬನಾನಿ ಸಂತೆಯಲ್ಲಿ
ಛತ್ರಿಯೊಂದು, ಮರದ ಪೆಟ್ಟಿಗೆಯೊಂದು,
ಎರಡು ಗುಂಡಿ ಉದುರಿಹೋದ ಲ್ಯಾಪ್‌ಟಾಪೊಂದು:
ಇಷ್ಟೇ ನನ್ನ ಅಂಗಡಿ.
ಹಾಡು ತನ್ನಿ, ಕತ್ತರಿಸಿ ಕೊಡುತ್ತೇನೆ.
ಮೂವತ್ತು ಸೆಕೆಂಡಿಗೆ ನೂರು ಫ್ರಾಂಕು.
ಚೌಕಾಸಿ ಮಾಡಿದರೆ ಇಪ್ಪತ್ತೇ ಸೆಕೆಂಡು.

ತೆರೆಯ ಮೇಲೆ ಹಾಡು
ತಿಂದುಳಿದ ಮೀನಿನ ಹಾಗೆ ಮಲಗಿರುತ್ತದೆ,
ನಡುವೆ ಬೆನ್ನೆಲುಬು, ಮೇಲೂ ಕೆಳಗೂ ಮುಳ್ಳು.
ಎಲ್ಲೆಂದರಲ್ಲಿ ಕೊಯ್ಯುವಂತಿಲ್ಲ.
ಅಲೆಯು ಬೆನ್ನೆಲುಬಿನ ಗೆರೆ ದಾಟುವ
ಆ ಸೊನ್ನೆಯ ಜಾಗ ಹುಡುಕಬೇಕು;
ಕೂದಲೆಳೆಯಷ್ಟು ತಪ್ಪಿದರೂ
ಟಪ್ಪೆಂದು ಸದ್ದು, ಅನ್ನದಲ್ಲಿ ಕಲ್ಲು ಸಿಕ್ಕಂತೆ.
ನನಗಿದನ್ನು ಕಲಿಸಿದವನು ಹೇಳುತ್ತಿದ್ದ:
"ನ್ಯೆಲೆ, ಹಾಡಿಗೆ ನೋವಾಗದ ಕಡೆ ಕೊಯ್ಯಿ."
ಅವನೀಗ ಫ್ರಿಜ್ಜು ಮಾರುತ್ತಾನೆ.

ಕುಲ ಹೊಗಳುವ ಹಳೆಯ ಕ್ಯಾಸೆಟ್ಟುಗಳಿಗೇ ಗಿರಾಕಿ ಹೆಚ್ಚು.
ಹಾಡುವವಳು ಒಂದೊಂದೇ ಮನೆತನವನ್ನು ಕರೆದು
ಮುತ್ತಜ್ಜರ ಕುದುರೆಗಳನ್ನೂ ಲೆಕ್ಕ ಹಾಕುತ್ತಾಳೆ.
ಯಾರಿಗೂ ಇಡೀ ಹಾಡು ಬೇಡ.
"ನಮ್ಮ ಹೆಸರು ಬರುತ್ತದಲ್ಲ, ಅಷ್ಟು ಸಾಕು."
ಫೋನು ಬಂದಾಗೆಲ್ಲ
ಜೇಬಿನೊಳಗಿಂದ ವಂಶ ಎದ್ದು ನಿಲ್ಲಬೇಕು.

ಎನ್‌ಗೋಲೊ ಜಾರಾ ಬಂದ, ಸಿಮೆಂಟು ವ್ಯಾಪಾರಿ.
"ಜಾರಾ ಅಂತ ಎಳೆಯುತ್ತಾಳಲ್ಲ, ಅದನ್ನು ಕೊಡು."
ಕೇಳಿದೆ. ಮತ್ತೆ ಕೇಳಿದೆ. ಸಂಕಟ:
ಒಂದೇ ಉಸಿರಿನಲ್ಲಿ ಅವಳು
ಜಾರಾದಿಂದ ತ್ರಾವೊರೆಗೆ ಜಾರುತ್ತಾಳೆ.
ನಾನು ತ್ರಾವೊರೆ.
ಜಾರಾಗಳಿಗೂ ನಮಗೂ ಗೇಲಿಯ ನಂಟು, ತಲೆತಲಾಂತರದ್ದು;
ಅವರು ನಮ್ಮನ್ನು, ನಾವು ಅವರನ್ನು
ಅಲಸಂದೆ ತಿನ್ನುವವರೆಂದು ಹಂಗಿಸಲೇಬೇಕು,
ಹಂಗಿಸದಿದ್ದರೆ ಮುನಿಸು.
ಕೊಯ್ಯುವ ಜಾಗ ಇದ್ದದ್ದೊಂದೇ, ಅದೂ ನನ್ನ ಹೆಸರಿನೊಳಗೆ.
ಕೊನೆಯನ್ನು ಮೆಲ್ಲಗೆ ಇಳಿಸಿ ಅಡಗಿಸಬಹುದಿತ್ತು.
ಅಡಗಿಸಲಿಲ್ಲ.
"ಜಾರಾ... ತ್ರಾ" ಎಂದಿತು ಅವನ ಫೋನು.
"ಅಲಸಂದೆ ತಿಂದವಳೇ, ಬಾಲ ಉಳಿಸಿದ್ದೀಯ!"
"ಬಾಲಕ್ಕೆ ದುಡ್ಡಿಲ್ಲ, ಹೋಗು."

ಕತ್ತರಿಸಿದ ಮೇಲೆ ಮಿಕ್ಕಿದ್ದನ್ನು ನಾನು ಎಸೆಯುವುದಿಲ್ಲ.
ದರ್ಜಿಯ ಮನೆಯ ಚಿಂದಿಯ ಹಾಗೆ
ಒಂದು ಕಡತದಲ್ಲಿ ತುರುಕಿದ್ದೇನೆ:
ಕೆಮ್ಮು, ತಂತಿ ಬಿಗಿಯುವ ಸದ್ದು,
ಯಾರೋ "ನೀರು" ಅಂದದ್ದು,
ರೆಕಾರ್ಡು ಮಾಡಿದ ಅಂಗಳದಲ್ಲಿ ಕೂಗಿದ ಹುಂಜ.
ಅದು ಯಾರದೋ ಮದುವೆಯ ಸಾರಿಗೆ ಎಂದೋ ಬೆಂದಿರಬೇಕು.

ಸುಂಗಾಲೊ ಬಂದದ್ದು ಕರೆಂಟು ಹೋದ ಮಧ್ಯಾಹ್ನ.
ಹೋಟೆಲಿನಲ್ಲಿ ತಟ್ಟೆ ತೊಳೆಯುವವನು,
ಬೆರಳ ತುದಿ ನೆನೆದು ಸುಕ್ಕುಗಟ್ಟಿತ್ತು.
"ನಮ್ಮ ಹೆಸರು ಯಾವ ಹಾಡಿನಲ್ಲೂ ಇಲ್ಲ" ಎಂದ,
ಬಸ್ಸು ತಪ್ಪಿತು ಅನ್ನುವಷ್ಟೇ ಸಲೀಸಾಗಿ.
"ನಮ್ಮಜ್ಜ ಆ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದನಂತೆ."

ಬ್ಯಾಟರಿ ಒಂಬತ್ತು ಪರ್ಸೆಂಟ್.
ಚಿಂದಿಯ ಕಡತ ತೆರೆದೆ.
ಹೊಗಳಿಕೆ ಶುರುವಾಗುವ ಮೊದಲು
ಅವಳು ಎದೆ ತುಂಬ ಎಳೆದುಕೊಳ್ಳುವ ಉಸಿರು,
ಇನ್ನೂ ಯಾರ ಹೆಸರೂ ಆಗಿಲ್ಲದ್ದು.
ಎರಡು ಸೆಕೆಂಡು. ಹದಿನೈದು ಸಲ ಜೋಡಿಸಿದೆ.
ಹೆಸರಿಗೆ ಮನೆತನ ಉಂಟು, ಉಸಿರಿಗೆಲ್ಲಿಯದು?
ನನ್ನ ಜಾಣತನಕ್ಕೆ ನಾನೇ ಮರುಳಾಗಿ
ದುಡ್ಡೂ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ವಾಪಸು ಬಂದ.
"ಅಕ್ಕಾ, ಇದು ಕೇಳಿಸುವುದೇ ಇಲ್ಲ.
ಧಣಿ ಮೂರು ಸಲ ಫೋನು ಮಾಡಿದರಂತೆ,
ಒಂದು ದಿನದ ಕೂಲಿ ಹೋಯಿತು.
ಗಟ್ಟಿಯಾದದ್ದೇನಾದರೂ ಕೊಡು."
ಮುಖ ಎಲ್ಲಿಡಲಿ.
ಹುಂಜ ಕೊಟ್ಟೆ.
ಬೇಡವೆಂದರೂ ನೂರು ಫ್ರಾಂಕು ಎಣಿಸಿಟ್ಟ.

ಈಗ ಸಂತೆಯ ಗದ್ದಲದೊಳಗೆ
ಎಲ್ಲೋ ಸಿಮೆಂಟು ಮೂಟೆಗಳ ಕಡೆಯಿಂದ
"ತ್ರಾ" ಎನ್ನುತ್ತದೆ, ಅರ್ಧಕ್ಕೇ ನಿಲ್ಲುತ್ತದೆ;
ಕತ್ತರಿಸಿದವಳು ನಾನೇ ಎಂದು ಗೊತ್ತಿದ್ದೂ
ಪ್ರತಿ ಸಲ ತಿರುಗಿ ನೋಡುತ್ತೇನೆ.
ಅಷ್ಟರಲ್ಲಿ ಹೋಟೆಲಿನ ಹಿತ್ತಲಲ್ಲಿ,
ನೆತ್ತಿಯ ಮೇಲೆ ಬಿಸಿಲಿರುವಾಗ,
ಕೋಳಿ ಕೂಗುತ್ತದೆ.
ಮಾವಿನಹಣ್ಣಿನ ಮುದುಕಿ
ಬೆಳಗಾಯಿತೇ ಎಂದು ಆಕಾಶ ನೋಡುತ್ತಾಳೆ.