ಬೈಂಡ್ ಹಾಕುವ ರಾತ್ರಿ

ಮೇ ಮೂವತ್ತೊಂದರ ಸಂಜೆ
ಅಳಿವೆಬಾಗಿಲಲ್ಲಿ ಬೋಟುಗಳು
ಒಂದರ ಬೆನ್ನಿಗೊಂದು ಒಳಗೆ ಬಂದವು.
ನಾಳೆಯಿಂದ ಎರಡು ತಿಂಗಳು ಕಡಲಿಗೆ ರಜೆ.
ನಾಳೆಯಿಂದಲೇ ನಮಗೆ ಶಾಲೆ.

ಬೆಂಗ್ರೆಯ ಹೊಯಿಗೆಯಲ್ಲಿ ಕಾಲು ಕೆದರುತ್ತ
ಕೇಳಿದ ತಾರಾನಾಥ, ನಾಲ್ಕಕ್ಕೆ ಪಾಸಾದವನು:
ರಜೆಯಿಡೀ ಅಪ್ಪ ನೀರಿನಲ್ಲಿ.
ಹತ್ತು ದಿನಕ್ಕೊಮ್ಮೆ ಬಂದರೂ
ಉಂಡು ಮಲಗಿದ ಬೆನ್ನು ಮಾತ್ರ ನಮಗೆ.
ಈಗ ಬೆನ್ನು ತಿರುಗಿ ಮುಖ ಬರುವ ಹೊತ್ತಿಗೆ
ನಾನು ಹೋಗಿ ಮಗ್ಗಿ ಹೇಳಬೇಕಂತೆ.
ಇದು ಯಾವ ಸೀಮೆಯ ನ್ಯಾಯ?

ಅಕ್ಕ ವಾರಿಜ
ಏಪ್ರಿಲಿನಿಂದಲೇ ದಿನ ಎಣಿಸುತ್ತಿದ್ದಳು,
ಬಚ್ಚಲಿನ ಗೋಡೆಯಲ್ಲಿ ಇದ್ದಿಲ ಗೀಟು.
ಬೇಸಿಗೆಯೆಂದರೆ ಅವಳಿಗೆ
ಚಾಪೆಯ ಮೇಲೆ ಹರವಿದ ನಂಗು, ಕೊಡ್ಡಾಯಿ, ಸಿಗಡಿ,
ಕಾಗೆಗೆ ಕೋಲು, ಬಿಸಿಲಿಗೆ ಬೆನ್ನು,
ಮಗುಚಿ ಹಾಕಲು ಮರೆತರೆ ಅಮ್ಮನ ಬಾಯಿ.
ಈಗ ಎಂಟನೆಯ ತರಗತಿ.
ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡಿದ್ದಾಳೆ;
ಮಡಿಕೆ ಇದ್ದಲ್ಲಿ ಒಂದು ಬೆರಳಗಲ
ಹೊಸ ನೀಲಿ ಹಾಗೇ ಉಳಿದಿದೆ,
ಬಿಸಿಲು ಕಾಣದ್ದು.
ಕೈಗೆ ಹುಣಸೆಹುಳಿ ತಿಕ್ಕಿ, ಲಿಂಬೆಸಿಪ್ಪೆ ತಿಕ್ಕಿ,
ಮೂಸಿ, ಮತ್ತೆ ತಿಕ್ಕಿ,
"ಹೋಯ್ತಾ ನೋಡು" ಎಂದು ನನ್ನ ಮೂಗಿಗೆ ಹಿಡಿದಳು.
ನನಗೇನು ಗೊತ್ತು?
ನನ್ನ ಮೂಗೂ ಅದೇ ಮನೆಯದು.

ನಾನು ಆರನೆಯದು, ನಡುವಿನವನು.
ಶಾಲೆ ಬೇಕೋ ಬೇಡವೋ ಯಾರೂ ಕೇಳಲಿಲ್ಲ,
ಕೇಳಿದ್ದರೂ ಉತ್ತರ ಇರಲಿಲ್ಲ.
ತಮ್ಮ ಅತ್ತರೆ ನನಗೆ ಗಂಟಲು ಕಟ್ಟುತ್ತಿತ್ತು,
ಅಕ್ಕ ಜಡೆ ಹೆಣೆದರೆ ಕಾಲು ಕುಣಿಯುತ್ತಿತ್ತು.

ಬೆಳಿಗ್ಗೆ ಫೆರಿಗೆ ಅಪ್ಪನೂ ಹತ್ತಿದ.
ಬಿಳಿ ಅಂಗಿ, ಮದುವೆಗೆ ಹೋಗುವಾಗ ಹಾಕುವುದು.
ತಾರಾನಾಥ ಅವನ ಕಿರುಬೆರಳು ಹಿಡಿದು
ಗುರುತಿಲ್ಲದವರಿಗೂ ತೋರಿಸುತ್ತಿದ್ದ:
ನನ್ನಪ್ಪ, ನನ್ನಪ್ಪ.
ನಡುನೀರಿನಲ್ಲಿ ಅಕ್ಕ, ತನ್ನ ಚಪ್ಪಲಿ ನೋಡುತ್ತ,
"ನೀನು ಧಕ್ಕೆಯಲ್ಲೇ ನಿಲ್ಲು. ಶಾಲೆಯ ದಾರಿ ನಮಗೆ ಗೊತ್ತು."
ಇಂಜಿನಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ
ಎಂದುಕೊಂಡೆ.
ಧಕ್ಕೆಯಲ್ಲಿ ಅಪ್ಪ ನಿಂತ.
ಐಸಿನ ಗಾಡಿಗೆ ಒರಗಿ ಬೀಡಿ ಹಚ್ಚಲು
ಮೂರು ಕಡ್ಡಿ ಗೀರಿದ.
ಗಾಳಿ ಅಷ್ಟೇನೂ ಇರಲಿಲ್ಲ.

ದಾರಿಯುದ್ದಕ್ಕೂ ತಮ್ಮ ಅಕ್ಕನ ಜೊತೆ ಮಾತಾಡಲಿಲ್ಲ.
ನನ್ನ ಮೂಲಕ ಬೈದ.

ರಾತ್ರಿ ಮಳೆ ಹಿಡಿಯಿತು, ಕರೆಂಟು ಹೋಯಿತು.
ಚಿಮಣಿ ದೀಪದ ಬುಡದಲ್ಲಿ
ಕಂದು ಕಾಗದ, ಕತ್ತರಿ, ಗಂಜಿಯ ಅಂಟು ಹರಡಿಕೊಂಡು
ಅಕ್ಕ ಬೈಂಡ್ ಹಾಕುತ್ತ ಕೂತಳು.
ಅವಳವು ಮುಗಿದವು. ತಮ್ಮನವು ಮುಗಿದವು.
ಮತ್ತೆ, ಯಾರನ್ನೂ ಕೇಳದೆ,
ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಿಂದ
ಅಪ್ಪನ ಸೊಸೈಟಿಯ ಪುಸ್ತಕ ತೆಗೆದಳು,
ಉಪ್ಪುನೀರು ಕುಡಿದು ಉಬ್ಬಿದ್ದು, ರಟ್ಟು ಕಳಚಿದ್ದು.
ಮೂಲೆ ಮಡಚಿ, ಉಗುರಿನಿಂದ ಗೀರಿ, ಅಂಟಿಸಿ,
ಮೇಲೊಂದು ಲೇಬಲ್ಲು.
ಹೆಸರು: ಶೀನ ಪುತ್ರನ್.
ಶಾಲೆ: ಅಲ್ಲೊಂದು ಗೀಟು ಎಳೆದಳು.
ತರಗತಿ:
ಪೆನ್ನು ನಿಂತಿತು.

ಬಲೆಯ ಹರಕು ತಡವುತ್ತಿದ್ದ ಅಪ್ಪ
ತಲೆಯೆತ್ತದೆ ಹೇಳಿದ,
"ನಾಲ್ಕು ಅಂತ ಬರಿ. ಅಲ್ಲಿವರೆಗೆ ಹೋಗಿದ್ದೇನೆ."

"ನಾನೂ ನಾಲ್ಕು!" ಎಂದು ತಾರಾನಾಥ ಹಾರಿದ ರಭಸಕ್ಕೆ
ದೀಪ ಒಮ್ಮೆ ಸತ್ತು ಬದುಕಿತು.
ಅಕ್ಕ ಬರೆದಳು. ಶಾಯಿ ಒಣಗಲೆಂದು
ಊದಿದಳು, ಊದುತ್ತಲೇ ಇದ್ದಳು,
ಮುಖ ಎತ್ತಲಿಲ್ಲ.

ನನ್ನ ಸರದಿಗೆ ಕಾಗದ ಮುಗಿದಿತ್ತು.
ಆ ವರ್ಷವಿಡೀ ನನ್ನ ಸಮಾಜ ಪುಸ್ತಕ
ಹಳೆಯ ಪೇಪರು ಹೊದ್ದುಕೊಂಡೇ ಇತ್ತು:
ಮುಂದೆ ಚಿನ್ನದಂಗಡಿಯ ಜಾಹೀರಾತು,
ಹಿಂದೆ ಕೊಬ್ಬರಿ, ಕಾಳುಮೆಣಸಿನ ಧಾರಣೆ.