ಮೂರನೆಯ ಸಾಲು

ಬ್ಯಾಡಗಿಯಲ್ಲಿ ಉಸಿರು ನೋಡುತ್ತ ಕೂರುವುದೆಂದರೆ
ಮೊದಲು ಕೆಮ್ಮು ನೋಡುವುದು.
ಸೋಮವಾರ, ಗುರುವಾರ ಸಂತೆ ತುಂಬಿದರೆ
ಊರಿಗೆ ಊರೇ ಸೀನುತ್ತದೆ.
ಮೂಗಿನ ತುದಿಯಲ್ಲಿ ಮನಸ್ಸಿಡು ಅಂದಿದ್ದಳು ಚಿಕ್ಕವ್ವ;
ಅಲ್ಲಿ ಆಗಲೇ ಮೆಣಸಿನ ಘಾಟು ಜಾಗ ಹಿಡಿದಿದೆ.

ಕಲಬುರ್ಗಿಯಲ್ಲಿ ಹೀಗಿರಲಿಲ್ಲ.
ಭಾನುವಾರ ವಿಹಾರದಲ್ಲಿ ಚಾಪೆ, ನಲವತ್ತು ಜನ,
ಯಾರದೋ ಕೂಸಿನ ಅಳು, ಕೊನೆಗೆ ಸುಸ್ಲಾ.
ಕಣ್ಣು ಮುಚ್ಚಿದರೆ ಸಾಕಿತ್ತು,
ಉಳಿದವರ ದನಿ ನನ್ನನ್ನು ಹೊತ್ತೊಯ್ಯುತ್ತಿತ್ತು.
ಇಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ಚೀಲದ ಲೆಕ್ಕ,
ಗೋಡೆಗೆ ಮೊಳೆ ಹೊಡೆಯಬಾರದೆಂಬ ಕರಾರಿನ ಕೋಣೆ.
ಬುದ್ಧನ ಪಟವನ್ನು ಅಕ್ಕಿಡಬ್ಬಿಗೆ ಆನಿಸಿದ್ದೇನೆ.
ಅಕ್ಕಿ ತೆಗೆಯಲು ಅವನನ್ನು ಎತ್ತಬೇಕು, ಮತ್ತೆ ಇಡಬೇಕು;
ದಿನಕ್ಕೆರಡು ನಮಸ್ಕಾರ
ಹೊಟ್ಟೆಯೇ ಮಾಡಿಸುತ್ತದೆ.

ಬುದ್ಧಂ ಶರಣಂ, ಸರಿ.
ಧಮ್ಮಂ ಶರಣಂ, ಅದೂ ಸರಿ.
ಮೂರನೆಯ ಸಾಲಿಗೆ ಬಂದಾಗ
ಕೋಣೆ ನನ್ನ ಮುಖ ನೋಡುತ್ತದೆ.
ಫೋನಿನಲ್ಲಿ ಚಿಕ್ಕವ್ವ:
"ಗ್ವಾಡಿಗಿ ಹೇಳವ್ವಾ. ಗ್ವಾಡಿನೂ ಕೇಳ್ತದ."

ಹುಣ್ಣಿಮೆಗೆ ಮಧ್ಯಾಹ್ನ ದಾಟಿದ ಮೇಲೆ ಉಣ್ಣುವುದಿಲ್ಲ.
"ಯಾವ ದೇವ್ರ ಒಪ್ಪತ್ತವಾ?"
ತುಂಬು ಬಿಡಿಸುತ್ತ ಕೇಳಿದಳು ಫಕ್ಕೀರವ್ವ.
ದೇವರದಲ್ಲ ಅಂದೆ.
"ದೇವ್ರಿಲ್ದ ಉಪಾಸ ಯಾತಕ್ಕ ಮತ್ತ?"
ಎರಡು ತಿಂಗಳಾಯಿತು, ಉತ್ತರ ಸಿಕ್ಕಿಲ್ಲ.
ಅವಳೂ ಬಿಟ್ಟಿಲ್ಲ, ಹುಣ್ಣಿಮೆ ಹುಣ್ಣಿಮೆಗೆ ಕೇಳುತ್ತಾಳೆ.
ಗುರುವಿಲ್ಲದ ಊರಿನಲ್ಲಿ ಅಷ್ಟಾದರೂ ಇದೆ.

ಸಂಘವೆಂದರೆ ಇಲ್ಲಿ ಮಂಗಳವಾರದ ಕಂತು.
ವಾರಕ್ಕೆ ನೂರು, ನೀಲಿ ಪಾಸ್‌ಬುಕ್ಕು,
ಷೆಡ್ಡಿನ ಹಿಂದೆ ತಾಡಪತ್ರಿ ಹಾಸಿ ಹನ್ನೊಂದು ಜನ,
ಎಲ್ಲರ ಬೆರಳೂ ಉರಿಯುವ ಬೆರಳು.
"ನೀನೂ ಸೇರು, ಬರಿಯಾಕ ಬರ್ತದ ನಿನಗ" ಅಂದರು.
ಬರೆಯುವ ಕೆಲಸಕ್ಕಷ್ಟೇ ಸೇರಿದೆ.

ಹೋದ ವಾರ ಮಾಬೂಬಿ ಬಂದಿರಲಿಲ್ಲ. ಜ್ವರವಂತೆ.
ಅವಳ ಹೆಸರಿನ ಮುಂದೆ ಸೊನ್ನೆ ಬರೆಯಲು ಪೆನ್ನು ಎತ್ತಿದೆ.
ಯಾರೂ ಏನೂ ಅನ್ನಲಿಲ್ಲ.
ತಾಡಪತ್ರಿಯ ಮೇಲೆ ಹತ್ತರ ನೋಟು ಬಿದ್ದವು,
ಒಂದೊಂದಾಗಿ, ಸುಕ್ಕಾಗಿ, ಕೆಂಪು ಪುಡಿ ಮೆತ್ತಿಕೊಂಡು.
ಒಂಬತ್ತಕ್ಕೆ ನಿಂತಿತು.
ಆಮೇಲೆ ತಿಳಿಯಿತು, ಹತ್ತನೆಯವಳು ನಾನು.

ಆ ರಾತ್ರಿ ಮೂರೂ ಸಾಲು ಹೇಳಲು ಕೂತೆ.
ಕೈ ತೊಳೆದಿದ್ದರೂ ಕಣ್ಣೊರೆಸಿಕೊಂಡದ್ದು ತಪ್ಪಾಯಿತು.
ಕಣ್ಣು, ಮೂಗು, ಎಲ್ಲ ಸೋರಿ
ಮೂರನೆಯ ಸಾಲಿನ ನಟ್ಟನಡುವೆ
ಜೋರಾಗಿ ಒಂದು ಸೀನು.

ಗೋಡೆಯಾಚೆಯಿಂದ
ಇಷ್ಟು ದಿನ ನಾನು ಮಾತಾಡಿಸಿರದ ಯಾರೋ
ನಿದ್ದೆಗಣ್ಣಿನಲ್ಲಿ ಅಂದರು:
"ನೂರ್ ವರ್ಸ."